ತೂತು ಬಿದ್ದ ಪತ್ರಿ

ಹೊಳೆ ದಂಡೆಯ ಆ ಮಠಕ್ಕೆ ಹೋಗಿ ಬಂದವರು ಅಲ್ಲಿಯ ಹಿರಿಯ ಗುರು ಅಜ್ಜಾರ ಮಾತಿಗಿಂತ ಅವರು ಸುಮ್ಮನೆ ಕೂರುವುದನ್ನೇ ಹೆಚ್ಚು ನೆನೆಯುತ್ತಾರೆ. ಅವರ ಶಿಷ್ಯ ನಿರುಪಾದಿಗೆ ಮಾತ್ರ ಅವರು ಸುಮ್ಮನೆ ಕೂತರೆ ಪ್ರಾಣಸಂಕಟ.

ನಿರುಪಾದಿ ಕಳವಳದ ಮನುಷ್ಯ. ಹಾಕಿದ ಅಗುಳಿಯನ್ನು ಎದ್ದು ಬಂದು ಮತ್ತೆ ಮುಟ್ಟಿ ನೋಡುವ ಪೈಕಿ. ಅಜ್ಜಾರು ಕೆಮ್ಮಿದರೆ ಕಷಾಯಕ್ಕೆ ಓಡುವನು. ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಎಂದು ಚಿಂತೆ ಮಾಡುವನು.

ಮಠದ ಹಿತ್ತಲಲ್ಲಿ ಅಜ್ಜಾರ ಗುರುಗಳ ಗದ್ದುಗೆ ಇತ್ತು. ಅವರು ಸಮಾಧಿಯಾದ ಜಾಗ ಅದು. ಅದರ ಮಗ್ಗುಲಲ್ಲೇ ಆಳೆತ್ತರದ ಒಂದು ಬಿಲ್ವ. ಪತ್ರಿ ಗಿಡ ಎನ್ನುವುದು ಆ ಕಡೆಯ ರೂಢಿ. ಹಳೆಯ ಮರ ಹೊಳೆಗೆ ಉರುಳಿದ ಮೇಲೆ ಅದರ ಬೇರಿನಿಂದ ಎದ್ದ ಕುಡಿ ಇದು.

ದಿನಾ ಬೆಳಿಗ್ಗೆ ಅಜ್ಜಾರು ಆ ಗಿಡದ ಒಂದು ಪತ್ರಿಯನ್ನು ಗದ್ದುಗೆಗೆ ಏರಿಸಿ, ಅದನ್ನೇ ಪ್ರಸಾದವೆಂದು ಬಾಯಿಗೆ ಹಾಕಿಕೊಂಡು ಅಗಿಯುವರು. ರೊಟ್ಟಿ ಆಮೇಲೆ. ಪತ್ರಿ ಬಾಯಿಗೆ ಬೀಳದೆ ಅವರು ಅನ್ನ ಮುಟ್ಟಿದ್ದನ್ನು ಕಂಡವರಿಲ್ಲ. ಬೇರೆ ಗಿಡದ ಪತ್ರಿಯನ್ನು ಅವರು ಒಲ್ಲರು.

ಪತ್ರಿ ತರುವ ಕೆಲಸ ನಿರುಪಾದಿಯದು.

ಒಂದು ಬೆಳಿಗ್ಗೆ ಅವನು ಎಲೆಗಳ ಮೇಲೆ ಕಪ್ಪು ಬಿಳುಪಿನ ಕಲೆ ಕಂಡ. ಹಕ್ಕಿ ಹಿಕ್ಕೆ. ಪೂಜೆಯ ಗಿಡಕ್ಕೆ ಮೈಲಿಗೆಯಾಯಿತಲ್ಲ!

ಅಂದೇ ಗಿಡದ ಸುತ್ತ ಹಗ್ಗ ಕಟ್ಟಿ, ಹಗ್ಗಕ್ಕೆ ಹಳೇ ಡಬ್ಬಿಗಳನ್ನು ತೂಗುಬಿಟ್ಟ. ಗಾಳಿ ಬಂದರೆ ಡಬ್ಬಿ ಗಲಗಲ ಅನ್ನುತ್ತಿದ್ದವು. ಗಾಳಿ ಬಾರದಿದ್ದರೆ ಅವನೇ ಎದ್ದು ಹೋಗಿ ಹಗ್ಗ ಜಗ್ಗುತ್ತಿದ್ದ.

ಅಜ್ಜಾರು ಕಟ್ಟೆಯ ಮೇಲೆ ಕೂತು ನೋಡಿದರು.

“ಏನ್ ಮಾಡಾಕತ್ತೀ ತಮ್ಮಾ?”

“ಹಕ್ಕಿ ಬರದಂಗ ಮಾಡಾಕತ್ತೀನ್ರಿ ಅಜ್ಜಾರ. ಎಲಿ ಮ್ಯಾಲ ಹಿಕ್ಕಿ ಹಾಕ್ಯಾವ.”

“ಹಿಕ್ಕಿನ ಅಂತ ಖಾತ್ರಿ ಐತೇನು?”

“ಕಣ್ಣಿಗೆ ಕಾಣಸ್ತೈತಲ್ರಿ.”

“ಹಂಗಾದ್ರ ಸರಿ.”

ಹಕ್ಕಿಗಳು ದೂರವಾದವು. ಹಿಕ್ಕೆ ಮಾತ್ರ ಹೆಚ್ಚಾಯಿತು. ಅಷ್ಟೇ ಅಲ್ಲ, ಎಲೆಯ ಅಂಚುಗಳು ಒಂದೊಂದಾಗಿ ಮಾಯವಾಗತೊಡಗಿದವು. ನಿರುಪಾದಿಗೆ ತಲೆ ಕೆಟ್ಟು ಹೋಯಿತು.

“ಅಜ್ಜಾರ, ಹಕ್ಕಿ ಒಂದೂ ಇಲ್ಲ. ಹಿಕ್ಕಿ ಎಲ್ಲಿಂದ ಬರಾಕತ್ತಾವ್ರಿ?”

ಅಜ್ಜಾರು ಒಂದು ಹುಲ್ಲು ಕಡ್ಡಿ ಕಿತ್ತು ಅವನ ಕೈಗಿತ್ತರು.

“ಮೆಲ್ಲಕ ಆ ಹಿಕ್ಕಿಗೆ ತಾಗಸು.”

ತಾಗಿಸಿದ. ಹಿಕ್ಕೆ ತಲೆ ಎತ್ತಿತು. ತಲೆಯ ಹಿಂದಿನಿಂದ ಕೆಂಪಗಿನ ಎರಡು ಸಣ್ಣ ಕೋಡು ಹೊರಚಾಚಿ ಗಬ್ಬು ವಾಸನೆ ಬಿಟ್ಟಿತು. ನಿರುಪಾದಿ ಹಿಂದಕ್ಕೆ ಹಾರಿದ ಭರಕ್ಕೆ ಹಗ್ಗ ಕಾಲಿಗೆ ಸಿಕ್ಕಿ, ಡಬ್ಬಿಗಳೆಲ್ಲ ಅವನ ಮೇಲೇ ಬಿದ್ದವು.

“ಹುಳ,” ಅಂದ, ಬಿದ್ದಲ್ಲಿಂದಲೇ.

“ಹೌದು. ಸಣ್ಣದಿದ್ದಾಗ ಹಿಕ್ಕಿ ವೇಷ ಹಾಕ್ತೈತಿ. ದೊಡ್ಡದಾದ ಮ್ಯಾಲ ಎಲಿಗತೆ ಹಸರಾಗ್ತೈತಿ. ಆವಾಗ ಅದನ್ನ ಹುಡುಕಿ ತಿನ್ನಾವು ಹಕ್ಕಿ.”

ನಿರುಪಾದಿ ಡಬ್ಬಿಗಳನ್ನು ನೋಡಿದ. ಮುಖ ಸಣ್ಣದಾಯಿತು. ಆ ಕ್ಷಣವೇ ಹಗ್ಗ ಬಿಚ್ಚಿದ.

ಮರುದಿನದಿಂದ ಅಜ್ಜಾರು ಅವನಿಗೆ ಗಿಡ ನೋಡುವುದನ್ನು ಕಲಿಸಿದರು. ಎಳೆ ಎಲೆಯ ಹಿಂಬದಿ ಮೊದಲು ನೋಡಬೇಕು. ಸಾಸಿವೆ ಕಾಳಿನಷ್ಟು, ಹಳದಿ, ದುಂಡಗೆ, ಒಂದು ಕಡೆ ಒಂದೇ ಇದ್ದರೆ ಅದು ಚಿಟ್ಟೆಯ ತತ್ತಿ. ಅದನ್ನು ಉಗುರಿನಿಂದ ಬಿಡಿಸಬೇಕು. ಹಸಿರು ಹುಳ ನಡುನರಕ್ಕೆ ಅಂಟಿ ಮಲಗಿರುತ್ತದೆ, ಎಲೆಯನ್ನು ಓರೆ ಮಾಡಿ ನೋಡಿದರೆ ಸಿಗುತ್ತದೆ. ಕೆಳಗೆ ಕರಿ ಗುಳಿಗೆಯಂಥ ಲದ್ದಿ ಬಿದ್ದಿದ್ದರೆ ಅದರ ನೇರಕ್ಕೆ ಮೇಲೆ ಹುಡುಕಬೇಕು.

“ಹಿಡದದ್ದನ್ನ ಏನ್ ಮಾಡ್ಲಿರಿ?”

“ಗ್ವಾಡಿ ಮ್ಯಾಲ ಇಡು. ಹಕ್ಕಿಗೆ ನಾವು ಒಂದು ಊಟ ಬಾಕಿ ಅದೀವಿ.”

ಲಿಂಬೆ ಗಿಡದಲ್ಲೂ ಅದೇ ಹುಳ, ಕರಿಬೇವಿನಲ್ಲೂ ಅದೇ ಹುಳ. ಅಡುಗೆಯ ಕಲ್ಲವ್ವ ಒಗ್ಗರಣೆಗೆ ಕರಿಬೇವು ಕಿತ್ತರೆ ನಿರುಪಾದಿ ಹಿಂದೆಯೇ ಹೋಗಿ ಅವಳ ಕೈಯೊಳಗಿನ ಎಲೆ ತಿರುವಿ ನೋಡುತ್ತಿದ್ದ.

“ಅಜ್ಜಾರ, ಇಂವಗ ಏನರ ಹೇಳ್ರಿ,” ಅಂದಳು ಕಲ್ಲವ್ವ. “ನಾಳೆ ನನ್ನ ತಲಿಯಾಗೂ ಹುಡಕ್ತಾನ.”

ಅಜ್ಜಾರು ನಕ್ಕರು. ನಿರುಪಾದಿ ನಗಲಿಲ್ಲ. ಅವನು ಧ್ಯಾನಕ್ಕೆ ಕೂತರೂ ಮುಚ್ಚಿದ ಕಣ್ಣಿನೊಳಗೆ ಎಲೆ ಅಲುಗುತ್ತಿತ್ತು.

ಹುಳ ಕಡಿಮೆಯಾಗುತ್ತ ಬಂತು. ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಅವನಿಗೆ ಹೊಸದೊಂದು ಕಂಡಿತು. ಒಂದು ಹಸಿರು ಹುಳ ಅಲುಗಾಡದೆ ಕೂತಿದೆ. ಅದರ ಮೈಗೆ ಬೆಳ್ಳನೆಯ ಕಾಳುಗಳು ಗುಂಪಾಗಿ ಅಂಟಿವೆ, ಅಕ್ಕಿ ನುಚ್ಚು ಮೆತ್ತಿದಂತೆ. ಪಕ್ಕದ ಕೊಂಬೆಯಲ್ಲಿ ಅಂಥದ್ದೇ ಇನ್ನೊಂದು. ಅದರ ಮೇಲೆ ಮತ್ತೊಂದು.

ಒಂದೊಂದು ಹುಳ ಇಷ್ಟಿಷ್ಟು ತತ್ತಿ ಇಟ್ಟರೆ ಗಿಡದ ಗತಿ ಏನು?

ಕಲ್ಲು ತಂದ. ಎಲೆ ಸಮೇತ ಎಲ್ಲವನ್ನೂ ಹಾಸುಬಂಡೆಯ ಮೇಲಿಟ್ಟು ಅರೆದ. ಬಂಡೆಯನ್ನು ನೀರು ಹಾಕಿ ತಿಕ್ಕಿದ. ಆಮೇಲೆ ಅಜ್ಜಾರ ಹತ್ತಿರ ಬಂದು ಬೆವರು ಒರೆಸಿಕೊಂಡ.

“ದೊಡ್ಡ ಗಂಡಾಂತರ ತಪ್ಪಿಸಿದೆ ನೋಡ್ರಿ. ಹುಳ ಮೈತುಂಬ ತತ್ತಿ ಇಟ್ಟಿದ್ವು. ಒಂದೂ ಬಿಡ್ಲಿಲ್ಲ.”

“ಈ ಹುಳದ ತತ್ತಿ ಹೆಂಗಿರ್ತಾವ ಅಂತ ಹೇಳಿದ್ದೆ?”

“ಹಳದಿ, ದುಂಡಗ. ಒಂದ ಕಡೆ ಒಂದ.”

“ನೀ ಅರದದ್ದು?”

“ಬೆಳ್ಳಗ, ಉದ್ದಕ. ಗುಂಪು.” ನಿರುಪಾದಿಯ ದನಿ ಬತ್ತತೊಡಗಿತು.

“ಹುಳ ತತ್ತಿ ಇಡ್ತಾವೋ, ಚಿಟ್ಟಿ ಇಡ್ತಾವೋ?”

ಅಜ್ಜಾರು ಎದ್ದು ಕರಿಬೇವಿನ ಗಿಡದ ಬಳಿ ಹೋದರು. ತುಸು ಹೊತ್ತು ಹುಡುಕಿ, ಬಿಳಿ ಕಾಳು ಮೆತ್ತಿದ ಒಂದು ಹುಳವನ್ನು ಎಲೆ ಸಮೇತ ತಂದರು. ಕುಡಿಕೆಯೊಳಗೆ ಇಟ್ಟು ಬಾಯಿಗೆ ತೆಳ್ಳನೆಯ ಅರಿವೆ ಕಟ್ಟಿದರು.

“ಇದನ್ನ ನೋಡ್ತಾ ಇರು. ಕೈ ಹಚ್ಚಬ್ಯಾಡ.”

ನೋಡುತ್ತ ಇರುವುದು ನಿರುಪಾದಿಗೆ ಬಲು ಕಷ್ಟದ ಕೆಲಸ. ಉಣ್ಣುವಾಗ ನೋಡಿದ, ಕಸ ಹೊಡೆಯುವಾಗ ನೋಡಿದ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅರಿವೆಯ ಕೆಳಗೆ ಏನೋ ಮಿಸುಕಾಡುತ್ತಿತ್ತು. ಇರುವೆಗಿಂತ ಸಣ್ಣ, ಕರ್ರಗಿನ, ರೆಕ್ಕೆಯ ಜೀವಗಳು. ಹುಳ ಬರೀ ತೊಗಲಾಗಿ ಬಿದ್ದಿತ್ತು.

“ಇವು ಹುಳದ ಮಕ್ಕಳಲ್ಲ,” ಅಂದರು ಅಜ್ಜಾರು. “ಇವುಗಳ ತಾಯಿ ಹುಳದ ಹೊಟ್ಟಿಯೊಳಗ ತತ್ತಿ ಇಟ್ಟಿತ್ತು. ಅಲ್ಲೇ ಹುಟ್ಟಿ, ಅದನ್ನ ತಿಂದು, ಹೊರಗ ಬಂದು ಗೂಡು ಕಟ್ಟಿದ್ವು. ಆ ಗೂಡ ಬಿಳಿ ಕಾಳು. ನಿನಗ ಕೂಲಿ ಇಲ್ಲದ ಆಳು ಬಂದಿದ್ವು ತಮ್ಮಾ.”

ನಿರುಪಾದಿಗೆ ಹಾಸುಬಂಡೆಯ ಕಡೆ ನೋಡಲಾಗಲಿಲ್ಲ.

ಅಜ್ಜಾರು ಕುಡಿಕೆಯನ್ನು ಪತ್ರಿ ಗಿಡದ ಬುಡಕ್ಕೆ ಒಯ್ದು ಅರಿವೆ ಬಿಚ್ಚಿದರು. ಜೀವಗಳು ಒಂದೊಂದಾಗಿ ಕುಡಿಕೆಯ ಅಂಚಿಗೆ ಬಂದು ಹಾರಿದವು.

“ಇವು ಹುಳಾನೆಲ್ಲ ಯಾವಾಗ ಮುಗಸ್ತಾವ್ರಿ?”

“ಎಲ್ಲಾ ಮುಗಸಂಗಿಲ್ಲ. ಸಾಕಷ್ಟು ಮುಗಸ್ತಾವ.”

“ಯಾವಾಗ್ರಿ?”

“ತಡಿ.”

ತಡೆಯಲು ಗಿಡಕ್ಕೆ ಪುರಸೊತ್ತು ಇರಲಿಲ್ಲ. ಚಿಟ್ಟೆಗಳು ಮತ್ತೆ ಬಂದವು. ಈ ಸಲ ಹುಳ ಹಿಡಿದಷ್ಟೂ ಹುಟ್ಟಿದವು. ಬೆಳಿಗ್ಗೆ ಕೈಯಿಂದ ಬಿಡಿಸಿದ ಕೊಂಬೆಯಲ್ಲಿ ಸಂಜೆಗೆ ಹೊಸ ಲದ್ದಿ. ಕೊನೆಗೊಂದು ದಿನ ನಿರುಪಾದಿ ಬುಡದಿಂದ ತುದಿಯವರೆಗೆ ಹುಡುಕಿದರೂ ಇಡಿಯಾದ ಒಂದು ಪತ್ರಿ ಸಿಗಲಿಲ್ಲ.

ಅವನು ಮೊದಲು ಇದ್ದ ಮಠದಲ್ಲಿ ಒಮ್ಮೆ ಅಂಚು ಹರಿದ ಪತ್ರಿ ತಂದಿದ್ದ. ಅಲ್ಲಿಯ ಹಿರಿಯರು ತಟ್ಟೆ ಸಮೇತ ಅಂಗಳಕ್ಕೆ ಎಸೆದಿದ್ದರು. ಆ ತಟ್ಟೆ ಉರುಳಿದ ಸದ್ದು ಅವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಬರಿಗೈಯಲ್ಲಿ ಗದ್ದುಗೆಯ ಮುಂದೆ ಬಂದು ನಿಂತ.

“ಪತ್ರಿ ಇಲ್ರಿ ಅಜ್ಜಾರ.”

“ಇಲ್ಲೇನು?”

“ಇಲ್ರಿ. ಎಲ್ಲಾ ಕೆಟ್ಟಾವ.”

“ನೀ ತಂದದ್ದನ್ನ ನಾ ಏರಸ್ತೀನಿ. ತರ್ಲಿಲ್ಲಂದ್ರ ಇಲ್ಲ,” ಅಂದರು ಅಜ್ಜಾರು. ಕೈಮುಗಿದು ಎದ್ದರು. ನೀರು ಕುಡಿದು ಕಟ್ಟೆಯ ಮೇಲೆ ಕೂತರು.

ಕಲ್ಲವ್ವ ರೊಟ್ಟಿಯ ಬುಟ್ಟಿ ತಂದಳು. ಅಜ್ಜಾರು ಅದನ್ನು ನಿರುಪಾದಿಯ ಕಡೆಗೆ ಸರಿಸಿದರು.

“ನೀ ಉಣ್ಣು.”

“ನಾ ಒಲ್ಲೆರಿ.”

“ಉಣ್ಣು ಅಂದೆ.”

ಉಂಡ.

ಮರುದಿನವೂ ಇಡಿಯ ಪತ್ರಿ ಇರಲಿಲ್ಲ. ಅಜ್ಜಾರು ಮತ್ತೆ ನೀರು ಕುಡಿದರು. ಮುಖದಲ್ಲಿ ಬೇಸರವಾಗಲಿ ಸಿಟ್ಟಾಗಲಿ ಇಲ್ಲ. ಬೈದಿದ್ದರೆ ನಿರುಪಾದಿಗೆ ಎಷ್ಟೋ ಹಗುರವಾಗುತ್ತಿತ್ತು.

“ಬೇವಿನ ಬೀಜದ ನೀರು ಹೊಡೀಲ್ರಿ?”

“ಹೊಡಿ.”

ಬೀಜ ಕುಟ್ಟಿ, ನೆನೆಹಾಕಿ, ಸೋಸಿ ಗಿಡಕ್ಕೆ ಚಿಮುಕಿಸಿದ. ಹುಳಗಳು ತಿನ್ನುವುದು ನಿಧಾನವಾಯಿತು. ತುದಿಯಲ್ಲಿ ಹೊಸ ಚಿಗುರು ಒಡೆಯಿತು. ಆದರೆ ಚಿಗುರಿನ ಕಡೆಗೇ ನಾಲ್ಕಾರು ಹುಳ ಹತ್ತುತ್ತಿದ್ದವು. ಹಿಡಿದು ತೆಗೆದರೆ ಮತ್ತೆ ಎಲ್ಲಿಂದಲೋ ಬರುತ್ತಿದ್ದವು.

“ಅಜ್ಜಾರ, ಏನರ ಮಾಡ್ಬೇಕ್ರಿ.”

“ಮಾಡೀಯಲ್ಲ. ಇನ್ನ ತಡಿ.”

ಹೀಗೇ ನೀರಿನ ಮೇಲೆ ದಿನ ಕಳೆದು, ಒಂದು ಸಂಜೆ ಅಜ್ಜಾರು ಏಳುವಾಗ ಕಂಬ ಹಿಡಿದರು. ಕೋಲು ಊರಿ ಒಂದೊಂದೇ ಹೆಜ್ಜೆ ಇಟ್ಟರು. ಕಲ್ಲವ್ವ ಅದನ್ನು ನೋಡಿದಳು. ಆಮೇಲೆ ನಿರುಪಾದಿಯನ್ನು ನೋಡಿದಳು.

“ಹಿಂಗ ಆದ್ರ ಹಿರೇ ಜೀವ ಎಷ್ಟು ದಿನಾ ತಡೀತೈತೋ,” ಅಂದಳು ಪಾತ್ರೆ ತೊಳೆಯುತ್ತ. ಅವನಿಗೇ ಹೇಳಿದ್ದಲ್ಲ, ಆದರೂ ಅವನಿಗೇ ತಟ್ಟಿತು.

ಮರುದಿನ ಅವನು ಪಕ್ಕದ ಹತ್ತಿ ಹೊಲಕ್ಕೆ ಹೋದ. ಅಲ್ಲಿಯ ರೈತ ಬೆಳೆಗೆ ಹೊಡೆಯುವ ವಿಷವನ್ನು ಒಂದು ಶೀಷೆಯಲ್ಲಿ ಹಾಕಿ ಕೊಟ್ಟ.

“ಒಂದ ಹೊಡತಕ್ಕ ಎಲ್ಲಾ ಸಾಯ್ತಾವ,” ಅಂದ. “ಆದ್ರ ಹೊಡದ ಎಲಿ ಬಾಯಿಗೆ ಹೋಗಬಾರ್ದು ಮತ್ತ. ಮಳಿ ಬಂದು ತೊಳದು ಹೋಗೂ ಮಟಾ ಹುಷಾರು.”

ನಿರುಪಾದಿ ಲೆಕ್ಕ ಹಾಕಿದ. ಈಗ ಚಿಗುರು ಉಳಿದರೆ ಮಳೆಯಾದ ಮೇಲೆ ಇಡೀ ಪತ್ರಿ ಸಿಗುತ್ತದೆ. ಅಲ್ಲಿಯವರೆಗೆ ಅಜ್ಜಾರು ಉಪವಾಸವಿರಬೇಕಲ್ಲ ಎಂಬುದು ಆ ಲೆಕ್ಕದೊಳಗೆ ಬರಲೇ ಇಲ್ಲ. ಹೆದರಿದವನ ಬುದ್ಧಿ ಎಷ್ಟು ದೂರ ಓಡೀತು.

ಮಧ್ಯಾಹ್ನ ಅಜ್ಜಾರು ಅಡ್ಡಾದಾಗ, ಶೀಷೆಯ ವಿಷವನ್ನು ನೀರಿಗೆ ಬೆರೆಸಿ, ಕಸಬರಿಗೆ ಅದ್ದಿ ಗಿಡಕ್ಕೆ ಚಿಮುಕಿಸಿದ. ಹೊಳೆಯ ಕಡೆಗೆ ಬಾಗಿದ ಒಂದು ಕೊಂಬೆ ಮಾತ್ರ ಉಳಿಯಿತು. ಅಲ್ಲಿ ದಂಡೆ ಕುಸಿದಿತ್ತು, ಕೈ ಎಟುಕಲಿಲ್ಲ.

ಇಳಿಹೊತ್ತಿಗೆ ಹುಳಗಳು ಬುಡದಲ್ಲಿ ಉದುರಿ ಬಿದ್ದಿದ್ದವು. ಅವುಗಳ ನಡುವೆ ಕರ್ರಗಿನ ಸಣ್ಣ ರೆಕ್ಕೆಯ ಜೀವಗಳೂ ಬಿದ್ದಿದ್ದವು. ನಿರುಪಾದಿ ಎಲ್ಲವನ್ನೂ ಗುಡಿಸಿ ಮಣ್ಣು ಮುಚ್ಚಿದ. ಅಜ್ಜಾರಿಗೆ ಹೇಳಬೇಕೆಂದುಕೊಂಡ. ತಡಿ ಎಂದಿದ್ದರಲ್ಲ, ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಎಂದು ಬಿಟ್ಟ.

ಬೆಳಿಗ್ಗೆ ಅವನು ಹೊಳೆಗೆ ಇಳಿದು ಮಿಂದು ಬರುವಷ್ಟರಲ್ಲಿ ಹಿತ್ತಲಲ್ಲಿ ಕಲ್ಲವ್ವನ ದನಿ ಕೇಳಿತು. ಹಬ್ಬದ ದನಿ ಅದು.

“ಪತ್ರಿ ಸಿಕ್ತೋ ತಮ್ಮಾ. ತುದಿಯಾಗ ಚಿಗರು ನಿಂತಾವ, ಒಂದ ಹುಳ ಇಲ್ಲ. ನಾನ ಕಿತ್ತು ಅಜ್ಜಾರಿಗೆ ಕೊಟ್ಟೆ.”

ಅವಳ ಕೈಯಲ್ಲಿ ರೊಟ್ಟಿಯ ಬುಟ್ಟಿ ಸಿದ್ಧವಾಗಿತ್ತು.

ಅಜ್ಜಾರು ಗದ್ದುಗೆಯ ಮುಂದೆ ಕೂತಿದ್ದರು. ಪತ್ರಿ ಗದ್ದುಗೆಯ ಮೇಲಿತ್ತು, ಮೂರೂ ದಳ ಇಡಿಯಾಗಿ, ಹಸಿರಾಗಿ. ಅವರು ಕಣ್ಣು ಮುಚ್ಚಿ ಕೈಮುಗಿದರು.

ಒಂದೇ ಎಲೆ, ಏನಾದೀತು, ಅಂದುಕೊಂಡ ನಿರುಪಾದಿ. ಮೂರು ಬೆರಳಷ್ಟೂ ಇಲ್ಲ, ಅಂದುಕೊಂಡ. ಇಬ್ಬನಿಗೆ ತೊಳೆದು ಹೋಗಿರಬಹುದು, ಅಂದುಕೊಂಡ. ಹೇಳಿಬಿಟ್ಟರೆ ಈ ಮಠದಲ್ಲೂ ತನಗೆ ಜಾಗ ಇರುವುದಿಲ್ಲ, ಎಂಬುದನ್ನೂ ಅಂದುಕೊಂಡ.

ಅಜ್ಜಾರು ಪತ್ರಿ ಎತ್ತಿಕೊಂಡರು.

“ಅಜ್ಜಾರ,” ಅಂದ.

“ಏನೋ?”

“ಏನಿಲ್ರಿ.”

ಅಜ್ಜಾರು ಪತ್ರಿಯನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಯ ಹತ್ತಿರ ತಂದರು. ತುಟಿ ತೆರೆಯಿತು.

ನಿರುಪಾದಿ ಜಿಗಿದು ಗುರುವಿನ ಕೈಗೆ ಹೊಡೆದ.

ಪತ್ರಿ ನೆಲಕ್ಕೆ ಬಿತ್ತು. ಕಲ್ಲವ್ವ ಬುಟ್ಟಿ ಹಿಡಿದುಕೊಂಡು ಕಲ್ಲಾಗಿ ನಿಂತಳು. ಗುರುವಿನ ಮೇಲೆ ಕೈ ಮಾಡಿದವನನ್ನು ಅವಳು ಈವರೆಗೆ ಕಂಡಿರಲಿಲ್ಲ, ಕೇಳಿರಲೂ ಇಲ್ಲ.

“ಎಣ್ಣಿ ಹೊಡದೀನ್ರಿ,” ಅಂದ ನಿರುಪಾದಿ. ರೈತರು ಬೆಳೆಯ ವಿಷವನ್ನು ಹಾಗೇ ಕರೆಯುತ್ತಿದ್ದರು. “ನಿನ್ನೆ, ನೀವು ಮಲಗಿದಾಗ. ಅದು ವಿಷರಿ.”

ಅವನು ಅಲ್ಲೇ ಕುಸಿದು ಕೂತು ಅಳತೊಡಗಿದ.

ಅಜ್ಜಾರು ಕೆಂಪಗಾದ ತಮ್ಮ ಕೈಯನ್ನು ನೋಡಿಕೊಂಡರು.

“ಯಾಕ ಹೊಡದಿ?”

“ನೀವು ಉಪಾಸ ಇದ್ರಿ. ನಿಮಗ ಏನರ ಆದ್ರ ಅಂತ ಅಂಜಿಕಿ ಆತ್ರಿ.”

“ಹುಳ ಸತ್ವು?”

“ಸತ್ವ್ರಿ.”

“ಕುಡಿಕಿಯಿಂದ ಬಿಟ್ಟವು?”

ನಿರುಪಾದಿ ತಲೆ ತಗ್ಗಿಸಿದ. “ಅವೂ ಸತ್ವ್ರಿ.”

“ನಾನೊಬ್ಬ ಉಳಿದಿದ್ದೆ,” ಅಂದರು ಅಜ್ಜಾರು.

ಆಮೇಲೆ ಕೈ ಚಾಚಿದರು. “ಎಬ್ಬಸು.”

ನಿರುಪಾದಿ ಎದ್ದು ಅವರ ರಟ್ಟೆ ಹಿಡಿದ. ಇಬ್ಬರೂ ಮೆಲ್ಲನೆ ಗಿಡದ ಹತ್ತಿರ ನಡೆದರು. ಯಾರು ಯಾರನ್ನು ಹಿಡಿದು ನಡೆಸುತ್ತಿದ್ದಾರೆಂದು ಕಲ್ಲವ್ವನಿಗೆ ತಿಳಿಯಲಿಲ್ಲ.

“ಎಲ್ಲೆಲ್ಲಿ ಹೊಡದಿ?”

“ಎಲ್ಲಾ ಕಡೆ ಹೊಡದೀನ್ರಿ. ಅದೊಂದು ಕೊಂಬಿಗೆ ಕೈ ಹಾಯಲಿಲ್ಲ.”

“ನನ್ನ ಗಟ್ಟಿ ಹಿಡಕೊ.”

ಅಜ್ಜಾರು ಕುಸಿದ ದಂಡೆಯ ಅಂಚಿಗೆ ಬಾಗಿ, ಕೋಲಿನಿಂದ ಕೊಂಬೆಯನ್ನು ತಮ್ಮ ಕಡೆ ಎಳೆದುಕೊಂಡರು. ನಿರುಪಾದಿ ಎರಡೂ ಕೈಯಿಂದ ಅವರ ನಡು ಹಿಡಿದು ನಿಂತ. ಅವರು ಒಂದು ಪತ್ರಿ ಕಿತ್ತುಕೊಂಡು ಹಿಂದೆ ಸರಿದರು.

ಆ ಪತ್ರಿಯ ಒಂದು ದಳದ ಅಂಚು ಅರ್ಧ ಹೋಗಿತ್ತು. ಇನ್ನೊಂದರ ನಡುವೆ ತೂತು. ಮೂರನೆಯದರ ಮೇಲೆ ಹಸಿರು ಹುಳವೊಂದು ಕೂತು ಇನ್ನೂ ತಿನ್ನುತ್ತಿತ್ತು.

ಅಜ್ಜಾರು ಬೆರಳಿನಿಂದ ಅದನ್ನು ಎತ್ತಿ ಗೋಡೆಯ ಮೇಲೆ ಬಿಟ್ಟರು. ಹುಳ ಕೆಂಪು ಕೋಡು ಚಾಚಿ ವಾಸನೆ ಬಿಟ್ಟು, ಮೆಲ್ಲಗೆ ಹರಿಯತೊಡಗಿತು.

ಅವರು ಗದ್ದುಗೆಯ ಬಳಿಗೆ ಮರಳಿದರು. ಪತ್ರಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಗದ್ದುಗೆಗೆ ಏರಿಸಿದರು, ಕೈಮುಗಿದರು. ಮತ್ತೆ ಎತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು.

ನಿರುಪಾದಿ ಅವರ ದವಡೆ ಆಡುವುದನ್ನೇ ನೋಡುತ್ತಿದ್ದ. ಅವನಿಗೆ ಈಗಲೂ ತಡೆಯಲಾಗಲಿಲ್ಲ.

“ಅಜ್ಜಾರ, ಅದು ಹುಳ ತಿಂದ ಪತ್ರಿರಿ.”

ಅಜ್ಜಾರು ನುಂಗಿದರು. ಕಲ್ಲವ್ವನ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಂಡು, ಮುರಿದು, ಅರ್ಧ ಅವನ ಕೈಗಿಟ್ಟರು.

“ಹೌದು ತಮ್ಮಾ. ನನಗಿಂತ ಮೊದಲ ಇದನ್ನ ತಿಂದಾಂವ ಇನ್ನೂ ಬದುಕ್ಯಾನ.”